ನಾಯಿಗೆ ಬಳಿದ ಪಟ್ಟೆ, ಸಿಂಹಕ್ಕಿಲ್ಲದ ಹುಬ್ಬು

2019ರ ಕೊನೆಗೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ನಾಯಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮಂಗಗಳ ಕಾಟಕ್ಕೆ ಬೇಸತ್ತ ರೈತರೊಬ್ಬರು ತಲೆಗೂದಲಿಗೆ ಹಚ್ಚುವ ಬಣ್ಣದಲ್ಲಿ ಅದರ ಮೈಮೇಲೆ ಹುಲಿಪಟ್ಟೆ ಬರೆದು ತೋಟದಲ್ಲಿ ತಿರುಗಾಡಿಸುತ್ತಿದ್ದರು. ಮೊದಲು ಹುಲಿಯ ಬೊಂಬೆ ತಂದಿಟ್ಟು ನೋಡಿದ್ದರಂತೆ, ಬಿಸಿಲಿಗೆ ಅದರ ಬಣ್ಣ ಮಾಸಿತು. ಪಟ್ಟೆಯ ನಾಯಿಯನ್ನು ಕಂಡ ಮಂಗಗಳು ಮಾತ್ರ ಓಟ ಕಿತ್ತವು. ಚೀಪಿ ಉದುರಿಸಿದ ಎಳೆಯಡಿಕೆಯನ್ನು, ಬಲಿಯುವ ಮೊದಲೇ ಸಿಗಿದುಹಾಕಿದ ಬಾಳೆಗೊನೆಯನ್ನು ವರ್ಷವರ್ಷವೂ ನೋಡುವ ನಮಗೆ ಆ ಸುದ್ದಿ ಓದಿ ಆಶ್ಚರ್ಯಕ್ಕಿಂತ ಆಸೆಯೇ ಹೆಚ್ಚಾಯಿತು.

ಆಮೇಲೂ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿತು. ಕಿವಿ ನಾಯಿಯದು, ಮೂತಿ ನಾಯಿಯದು, ಬಾಲ ನಾಯಿಯದು, ಬಾಯಿ ಬಿಟ್ಟರೆ ಬೊಗಳುವುದೂ ನಾಯಿಯ ಹಾಗೆಯೇ. ಇಷ್ಟೆಲ್ಲ ಇದ್ದೂ ನಾಲ್ಕು ಕರಿಗೆರೆಗೆ ಮಂಗ ಸೋತದ್ದು ಹೇಗೆ? ಅದೇ ವರ್ಷ ಮಕ್ಕಳ ಹಳೆಯ ಕಾರ್ಟೂನುಗಳು ಒಂದರ ಹಿಂದೊಂದು ನಿಜರೂಪದ ಸಿನಿಮಾಗಳಾಗಿ ಬಂದಿದ್ದವು. ಮಾರ್ಚಿನಲ್ಲಿ 'ಡಂಬೊ', ಮೇ ತಿಂಗಳಲ್ಲಿ 'ಅಲಾದಿನ್', ಜುಲೈಯಲ್ಲಿ 'ದಿ ಲಯನ್ ಕಿಂಗ್'. ಅಲ್ಲಿ ನಡೆದದ್ದು ತೋಟದ ಕತೆಗೆ ತೀರಾ ತಿರುವುಮುರುವು. ಕೇಸರದ ಒಂದು ಎಳೆಯೂ ತಪ್ಪದಂತೆ ಸಿಂಹವನ್ನು ಕಟ್ಟಿ ನಿಲ್ಲಿಸಿದರು. ನೋಡಲು ಜನ ಮುಗಿಬಿದ್ದರು, ಆದರೆ ನೋಡಿ ಬಂದ ಎಷ್ಟೋ ಮಂದಿ ಮುಖದಲ್ಲಿ ಭಾವವೇ ಇಲ್ಲ ಎಂದರು. 1994ರ ಕಾರ್ಟೂನಿನ ಸಿಂಹ ಬರಿಯ ಗೆರೆ ಮತ್ತು ಬಣ್ಣ. ಅದು ಚಿತ್ರಮಂದಿರದಲ್ಲಿ ದೊಡ್ಡವರನ್ನೂ ಅಳಿಸಿತ್ತು.

ಮಂಗಕ್ಕೆ ಏನು ಕಾಣುತ್ತದೆ ಎಂಬುದನ್ನು ಕಾಡಿಗೇ ಹೋಗಿ ಪರೀಕ್ಷಿಸಿದವರಿದ್ದಾರೆ. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ದಕ್ಷಿಣ ಭಾರತದ ಬಾನೆಟ್ ಮಕಾಕ್ ಮಂಗಗಳಿಗೆ ಚಿರತೆಯ ಮಾದರಿಗಳನ್ನು ತೋರಿಸಿದರು. ನಮ್ಮ ತೋಟಗಳಿಗೆ ನುಗ್ಗುವುದೂ ಇದೇ ಜಾತಿ. ಒಂದು ಮಾದರಿಗೆ ಹಳದಿ ಮೈಮೇಲೆ ಚುಕ್ಕೆ, ಇನ್ನೊಂದು ಕಪ್ಪು ಚಿರತೆ. 2000ದಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಂಗಗಳು ಹೆಚ್ಚು ಬೆದರಿದ್ದು ಚುಕ್ಕೆಯ ಚಿರತೆಗೆ. ಯೋಚಿಸಿದರೆ ಇದರಲ್ಲಿ ದೊಡ್ಡ ಜಾಣತನವಿದೆ. ಕಾಡಿನಲ್ಲಿ ಚಿರತೆ ಇಡಿಯಾಗಿ ಎದುರು ಬಂದು ನಿಲ್ಲುವುದಿಲ್ಲ. ಎಲೆಗಳ ಸಂದಿಯಲ್ಲಿ ಅಂಗೈಯಗಲ ಚುಕ್ಕೆ ಕಂಡರೆ ಅದೇ ಹೆಚ್ಚು. ಪೂರ್ತಿ ಕಾಣಲಿ, ಆಮೇಲೆ ಓಡೋಣ ಎಂದು ಕಾದ ಮಂಗಕ್ಕೆ ಮರಿಮೊಮ್ಮಕ್ಕಳು ಹುಟ್ಟಲಿಲ್ಲ. ಚುಕ್ಕೆಯನ್ನೇ ಚಿರತೆ ಎಂದು ತಿಳಿದು ಮರ ಹತ್ತಿದವುಗಳ ಸಂತಾನವೇ ಇಂದು ನಮ್ಮ ತೋಟದಲ್ಲಿರುವುದು.

ಹೀಗೆ ಒಂದೆರಡು ಗುರುತಿಗೆ ಇಡೀ ಪ್ರಾಣಿಯನ್ನು ಓದುವ ಗುಣ ಮಂಗಕ್ಕೆ ಮಾತ್ರ ಸೇರಿದ್ದಲ್ಲ. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಕಡಲಹಕ್ಕಿಯ ಮರಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಪ್ರಸಿದ್ಧ ಸಾಕ್ಷಿ. ತಾಯಿಹಕ್ಕಿಯ ಹಳದಿ ಕೊಕ್ಕಿನ ತುದಿಯಲ್ಲಿ ಒಂದು ಕೆಂಪು ಬೊಟ್ಟು ಇರುತ್ತದೆ. ಹಸಿದ ಮರಿ ಆ ಬೊಟ್ಟನ್ನು ಕುಟುಕುತ್ತದೆ, ತಾಯಿ ಉಣಿಸುತ್ತದೆ. ಟಿನ್‌ಬರ್ಗನ್ ತಂಡ ಹಕ್ಕಿಯ ತಲೆಯನ್ನು ತದ್ರೂಪಾಗಿ ಮಾಡಿ ಮರಿಗಳ ಮುಂದೆ ಹಿಡಿಯಿತು. ಆಮೇಲೆ ಬಿಳಿ ಪಟ್ಟಿಗಳಿದ್ದ ಬರಿಯ ಕೆಂಪು ಕಡ್ಡಿಯೊಂದನ್ನು ಹಿಡಿಯಿತು. ಕಡ್ಡಿಗೆ ತಲೆಯಿಲ್ಲ, ಕಣ್ಣಿಲ್ಲ, ರೆಕ್ಕೆಯಿಲ್ಲ. ಮರಿಗಳು ತದ್ರೂಪಿ ತಲೆಗಿಂತ ಆ ಕಡ್ಡಿಯನ್ನೇ ಹೆಚ್ಚು ಕುಟುಕಿದವು. ಗುರುತನ್ನು ಹಿಗ್ಗಿಸಿ ಕೊಟ್ಟರೆ ಮಿದುಳು ನಿಜಕ್ಕಿಂತ ಅದನ್ನೇ ಹೆಚ್ಚು ನಂಬುತ್ತದೆ. ಈ ಬಗೆಯ ಸಂಶೋಧನೆಗಳಿಗಾಗಿ ಟಿನ್‌ಬರ್ಗನ್, ಕಾನ್ರಾಡ್ ಲಾರೆನ್ಜ್ ಮತ್ತು ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಹಂಚಿಕೊಂಡರು.

ಮಲೆನಾಡಿನವರಿಗೆ ಇದು ಹೊಸತಾಗಿ ಕಾಣಬೇಕಿಲ್ಲ. ಬಯಲಾಟದಲ್ಲಿ ನಡುರಾತ್ರಿ ದೊಂದಿಯ ಬೆಳಕಿನಲ್ಲಿ ಮಹಿಷಾಸುರ ಜನರ ನಡುವಿನಿಂದ ಆರ್ಭಟಿಸುತ್ತ ಬರುವುದನ್ನು ನೋಡಿದವರು ನೆನಪು ಮಾಡಿಕೊಳ್ಳಿ. ಎರಡು ಕೋಡು, ಕಣ್ಣನ್ನು ಎರಡರಷ್ಟು ಹಿಗ್ಗಿಸಿದ ಬಣ್ಣ, ಒಂದು ಕೂಗು. ಇಷ್ಟಕ್ಕೇ ಅರೆನಿದ್ದೆಯಲ್ಲಿದ್ದ ಮಕ್ಕಳು ಕಂಬಳಿಯೊಳಗೆ ಹುದುಗುತ್ತವೆ. ಇದು ಕೋಣವೇ ಮನುಷ್ಯನೇ ಎಂದು ಯಾರೂ ಕೇಳುವುದಿಲ್ಲ. ಚೌಕಿಯಲ್ಲಿ ಕೂತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಕಲಾವಿದರು ಕೆಂಪು ಕಡ್ಡಿಯ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲರು. ದೂರದಲ್ಲಿ ಚಾಪೆಯ ಮೇಲೆ ಕೂತವನಿಗೂ ಹುಬ್ಬಿನ ಕುಣಿತ ಕಾಣಬೇಕು, ಅದಕ್ಕೇ ಹುಬ್ಬನ್ನು ಬಣ್ಣದಲ್ಲಿ ಹಣೆಯವರೆಗೆ ಎಳೆಯುತ್ತಾರೆ.

ಕಾರ್ಟೂನು ಮಾಡುವುದೂ ಇದನ್ನೇ. ಅದನ್ನು ಸರಳಗೊಳಿಸಿದ ಚಿತ್ರ ಎನ್ನುವುದು ಅರ್ಧ ಮಾತು. ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಬರೆದ ಚಿತ್ರ ಅದು. ದೊಡ್ಡ ತಲೆ, ದೊಡ್ಡ ಕಣ್ಣು, ದುಂಡು ಕೆನ್ನೆ ಕಂಡರೆ ನಮಗೆ ಎಳೆಮಗುವನ್ನು ಕಂಡ ಅಕ್ಕರೆ ಉಕ್ಕುತ್ತದೆ ಎಂದು ಲಾರೆನ್ಜ್ 1943ರಲ್ಲೇ ಬರೆದಿದ್ದರು. 1928ರಲ್ಲಿ ತೆರೆಗೆ ಬಂದ ಮಿಕ್ಕಿ ಇಲಿಯ ತಲೆಯೂ ಕಣ್ಣೂ ದಶಕದಿಂದ ದಶಕಕ್ಕೆ ದೊಡ್ಡದಾಗುತ್ತ ಹೋದದ್ದನ್ನು ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1979ರಲ್ಲಿ ಅಳೆದು ತೋರಿಸಿದರು. ಬರೆಯುವವರ ಕೈ ತಾನಾಗಿಯೇ ಲಾರೆನ್ಜ್ ಹೇಳಿದ ಕಡೆಗೆ ಸರಿದಿತ್ತು.

ಇನ್ನು ಸಿಂಹದ ವಿಷಯ. ತಮ್ಮನ ಮಗಳು ಆ ಸಿನಿಮಾದ ಹಳೆಯದು, ಹೊಸದು ಎರಡನ್ನೂ ನೋಡಿದ ಮೇಲೆ ನಿಜವಾದ ಸಿಂಹ ನೋಡಬೇಕೆಂದು ಹಟ ಹಿಡಿದಳು. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಹತ್ತು ಕಿಲೋಮೀಟರು ಹೋದರೆ ತ್ಯಾವರೆಕೊಪ್ಪ. ಸಫಾರಿಯ ವಾಹನ ನಿಂತಾಗ ಸಿಂಹ ನೆರಳಿನಲ್ಲಿ ಮಲಗಿತ್ತು. ಒಮ್ಮೆ ತಲೆಯೆತ್ತಿ ನಮ್ಮತ್ತ ನೋಡಿ ಮತ್ತೆ ಮಲಗಿತು. ಅವಳು ಜಾಲರಿಗೆ ಮುಖ ಒತ್ತಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, "ಅತ್ತೆ, ಅದಕ್ಕೆ ಹುಬ್ಬೇ ಇಲ್ಲ. ಬೇಜಾರಲ್ಲಿದ್ಯೋ ಖುಷೀಲಿದ್ಯೋ ಹೆಂಗೆ ಗೊತ್ತಾಗತ್ತೆ?" ಎಂದಳು.

ವಿಷಯದ ಬುಡಕ್ಕೇ ಅವಳು ಕೈ ಹಾಕಿದ್ದಳು. ಮನುಷ್ಯನ ದುಃಖ, ಸಿಟ್ಟು, ಅನುಮಾನ ಎಲ್ಲವೂ ಮೊದಲು ಬರೆದುಕೊಳ್ಳುವುದು ಹುಬ್ಬಿನಲ್ಲಿ. ನಮ್ಮ ಹಾಗೆ ಹುಬ್ಬು ಗಂಟಿಕ್ಕುವ ಏರ್ಪಾಡು ಸಿಂಹದ ಮುಖದಲ್ಲಿಲ್ಲ. ಕಣ್ಣಿನ ಬಿಳಿಯೂ ಅಷ್ಟೆ. ಮನುಷ್ಯನ ಕಣ್ಣಾಲಿಯ ಸುತ್ತ ಬಿಳಿ ಅಗಲವಾಗಿ ಕಾಣುವುದರಿಂದ ಅವನು ಎತ್ತ ನೋಡುತ್ತಿದ್ದಾನೆ ಎಂಬುದು ದೂರಕ್ಕೂ ತಿಳಿಯುತ್ತದೆ. ಸಿಂಹದ ತೆರೆದ ಕಣ್ಣನ್ನು ಜೇನುಬಣ್ಣದ ಕಣ್ಣಾಲಿಯೇ ತುಂಬಿಕೊಂಡಿರುತ್ತದೆ. ಕಾರ್ಟೂನು ಬರೆದವರು ಈ ಎರಡನ್ನೂ ಸಿಂಹಕ್ಕೆ ಧಾರಾಳವಾಗಿ ದಾನ ಮಾಡಿದ್ದರು. 2019ರಲ್ಲಿ ಪ್ರಾಣಿಶಾಸ್ತ್ರಕ್ಕೆ ನಿಷ್ಠರಾಗಿ ಎರಡನ್ನೂ ವಾಪಸು ಪಡೆದರು.

ತುಟಿಯದು ಇನ್ನೊಂದು ತೊಡಕು. ಪ, ಫ, ಬ, ಭ, ಮ ಎನ್ನಲು ತುಟಿ ಕೂಡಬೇಕು ಎಂದು ನಾವು ಒಂದನೇ ತರಗತಿಯಲ್ಲೇ ಬಾಯಿಪಾಠದ ಜೊತೆ ಕಲಿತಿದ್ದೇವೆ. ಕೇಳುವಾಗ ಕಿವಿಯಷ್ಟೇ ಅಲ್ಲ, ಕಣ್ಣೂ ಕೇಳಿಸಿಕೊಳ್ಳುತ್ತದೆ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. 'ಬ' ಎಂಬ ಸದ್ದಿಗೆ 'ಗ' ಎನ್ನುವ ಬಾಯಿಯ ಚಿತ್ರ ಜೋಡಿಸಿದರೆ ಎಷ್ಟೋ ಜನರಿಗೆ 'ಡ' ಎಂದು ಕೇಳಿಸುತ್ತದೆ! ನಮ್ಮ ಮಿದುಳು ತುಟಿಯನ್ನು ಅಷ್ಟು ಗಟ್ಟಿಯಾಗಿ ನೆಚ್ಚಿಕೊಂಡಿದೆ. ಸಿಂಹದ ಸೀಳುಬಾಯಿ ನಮ್ಮ ಹಾಗೆ ತುಟಿ ದುಂಡಗೆ ಮಾಡಲಾರದು. ಅದರ ಬಾಯಿಂದ ಹಾಡು ಬಂದಾಗ, ಹಾಡು ಎಲ್ಲಿಂದಲೋ ಬರುತ್ತಿದೆ ಎನಿಸುವುದು ಸಹಜ.

ಅಂದಹಾಗೆ, ಆ ಸಿನಿಮಾವನ್ನು ನಿಜರೂಪದ್ದು ಎನ್ನುವುದೂ ಪೂರ್ತಿ ಸರಿಯಲ್ಲ. ಮೊದಲಲ್ಲಿ ಬರುವ ಸೂರ್ಯೋದಯವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಂಪ್ಯೂಟರಿನಲ್ಲೇ ಕಟ್ಟಿದ್ದು ಎಂದು ನಿರ್ದೇಶಕ ಜಾನ್ ಫಾವ್ರೊ ಅವರೇ ತಿಳಿಸಿದ್ದಾರೆ. ಇಷ್ಟಾದರೂ ಆ ಕಲಾವಿದರು ಕೈಲಾಗದೆ ಸೋತರು ಎನ್ನಲಾರೆ. ತಾವೇ ಹಾಕಿಕೊಂಡ ವ್ರತ ಅವರ ಕೈ ಕಟ್ಟಿತು.

ಹುಬ್ಬಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ನಾಯಿಗೆ ಒಳಹುಬ್ಬನ್ನು ಮೇಲೆತ್ತುವ ಸ್ನಾಯು ಚೆನ್ನಾಗಿ ಬೆಳೆದಿದೆ, ತೋಳಕ್ಕೆ ಅದು ಇದ್ದೂ ಇಲ್ಲದಂತಿದೆ ಎಂದು ಯೂಲಿಯಾನೆ ಕಾಮಿನ್‌ಸ್ಕಿ ಮತ್ತು ಸಂಗಡಿಗರು ವರದಿ ಮಾಡಿದರು. ಅದೂ 2019ರಲ್ಲೇ. ಸಾವಿರಾರು ವರ್ಷ ನಮ್ಮ ಜಗುಲಿಯಲ್ಲಿ ಬದುಕಿದ ಪ್ರಾಣಿ ನಮ್ಮ ಮುಖದ ಲಿಪಿಯನ್ನೇ ತನ್ನ ಮುಖಕ್ಕೆ ಬರೆದುಕೊಂಡಿದೆ. ತೀರ್ಥಹಳ್ಳಿಯ ಆ ಹುಲಿ ಹುಬ್ಬೆತ್ತಿ ನೋಡಿದ್ದರೆ ಮನುಷ್ಯರಿಗಂತೂ ಗುಟ್ಟು ರಟ್ಟಾಗುತ್ತಿತ್ತು.

ಸಿಂಹದ ಈ ಸೋಲಿಗೆ ಜನ ಸಾಮಾನ್ಯವಾಗಿ ಕೊಡುವ ಕಾರಣ ಮಸಾಹಿರೊ ಮೋರಿ ಅವರ 'ವಿಲಕ್ಷಣ ಕಣಿವೆ'. ಬೊಂಬೆಯೊಂದು ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಇಷ್ಟವಾಗುತ್ತ ಹೋಗುತ್ತದೆ, ಇನ್ನೇನು ಮನುಷ್ಯನೇ ಎನ್ನುವ ಹೊತ್ತಿಗೆ ತಟ್ಟನೆ ಹೇಸಿಗೆ ಹುಟ್ಟುತ್ತದೆ ಎಂದು ಜಪಾನಿನ ಈ ರೋಬಾಟ್ ತಜ್ಞ 1970ರಲ್ಲಿ ಬರೆದರು. ನನಗನಿಸುವಂತೆ ಸಿಂಹ ಆ ಕಣಿವೆಗೆ ಬಿದ್ದಿಲ್ಲ. ಅದು ಮನುಷ್ಯನಿಂದ ದೂರ ಸರಿಯಿತು, ಅಷ್ಟೆ. ಕಣಿವೆಗೆ ಬಿದ್ದದ್ದು 'ಸಾನಿಕ್'. 2019ರ ಏಪ್ರಿಲ್‌ನಲ್ಲಿ ಅದರ ಮೊದಲ ಟ್ರೇಲರ್ ಬಂದಾಗ ಆ ನೀಲಿ ಮುಳ್ಳುಪ್ರಾಣಿಯ ಬಾಯಲ್ಲಿ ಮನುಷ್ಯನಂಥ ಹಲ್ಲಿದ್ದವು, ಕಣ್ಣು ಚಿಕ್ಕದಾಗಿತ್ತು. ನೋಡಿದವರಿಗೆ ಮೈ ಜುಮ್ಮೆಂದಿತು. ತಯಾರಕರು ಬಿಡುಗಡೆ ಮುಂದೂಡಿ, ಕಣ್ಣು ಹಿಗ್ಗಿಸಿ, ಹಲ್ಲು ತಿದ್ದಿ 2020ರ ಫೆಬ್ರವರಿಯಲ್ಲಿ ತೆರೆಗೆ ತಂದರು. ಈ ಹೇಸಿಗೆ ಕೂಡ ಮಂಗನಿಗೂ ನಮಗೂ ಸಮ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಶಾನ್ ಸ್ಟೆಕೆನ್‌ಫಿಂಗರ್ ಮತ್ತು ಆಸಿಫ್ ಘಜನ್‌ಫರ್ ಮಂಗಗಳಿಗೆ ಮೂರು ಬಗೆಯ ಮಂಗನ ಮುಖ ತೋರಿಸಿದರು: ನಿಜವಾದದ್ದು, ಕಂಪ್ಯೂಟರಿನಲ್ಲಿ ಒರಟಾಗಿ ಮಾಡಿದ್ದು, ಕಂಪ್ಯೂಟರಿನಲ್ಲೇ ಬಹಳ ನೈಜವಾಗಿ ಮಾಡಿದ್ದು. 2009ರಲ್ಲಿ ಅವರು ಪ್ರಕಟಿಸಿದಂತೆ, ಮಂಗಗಳು ಬೇಗ ಮುಖ ತಿರುಗಿಸಿದ್ದು ಮೂರನೆಯದರಿಂದ.

ಬೊಂಬೆಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ನಮ್ಮ ತೋಟದಲ್ಲೂ ಒಮ್ಮೆ ಹುಲಿಬೊಂಬೆ ಇಟ್ಟಿದ್ದೆವು. ಮೂರು ದಿನ ಮಂಗಗಳು ಹತ್ತಿರ ಸುಳಿಯಲಿಲ್ಲ. ನಾಲ್ಕನೇ ದಿನ ದೂರ ಕೂತು ನೋಡಿದವು. ವಾರ ಕಳೆಯುವಷ್ಟರಲ್ಲಿ ಒಂದು ಮರಿ ಅದರ ಬೆನ್ನೇರಿ ಕೂತಿತ್ತು. ಬಣ್ಣ ಇನ್ನೂ ಮಾಸಿರಲಿಲ್ಲ. ಆದರೆ ಅದು ಅಲುಗಲಿಲ್ಲ. ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ವಿವರಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕತ್ತಲಲ್ಲಿ ಮನುಷ್ಯನ ಭುಜ, ಮೊಣಕೈ, ಮೊಣಕಾಲುಗಳಿಗೆ ಹತ್ತು ಹನ್ನೆರಡು ಬೆಳಕಿನ ಚುಕ್ಕೆ ಅಂಟಿಸಿ ಚಿತ್ರಿಸಿದರು. ನಿಂತಾಗ ಅವು ಬರಿಯ ಚುಕ್ಕೆ. ಒಂದು ಹೆಜ್ಜೆ ಇಟ್ಟ ತಕ್ಷಣ, ಅಲ್ಲೊಬ್ಬ ಮನುಷ್ಯ ನಡೆಯುತ್ತಿದ್ದಾನೆ! ಚರ್ಮ ಬೇಡ, ಮುಖವೂ ಬೇಡ, ಜೀವ ಇರುವುದು ನಡೆಯಲ್ಲಿ. ಕಾರ್ಟೂನಿನವರು ನೆಲಕ್ಕೆ ಬಿದ್ದ ಚೆಂಡನ್ನು ರೊಟ್ಟಿಯಂತೆ ಚಪ್ಪಟೆ ಮಾಡಿ, ಮೇಲೇಳುವಾಗ ಸೌತೆಕಾಯಿಯಂತೆ ಉದ್ದ ಎಳೆಯುವುದು ಇದನ್ನು ತಿಳಿದೇ. ಎಲುಬು, ತೂಕ, ಕೀಲುಗಳ ಲೆಕ್ಕ ಹಾಕಿ ಕಟ್ಟಿದ ಸಿಂಹಕ್ಕೆ ಆ ಸ್ವಾತಂತ್ರ್ಯವಿಲ್ಲ.

ಹಾಗಾದರೆ ನಿಜವಾದ ಪ್ರಾಣಿಗೆ ಭಾವವೇ ಇಲ್ಲವೇ? ಖಂಡಿತ ಇದೆ, ಆದರೆ ಅದರ ಲಿಪಿ ಬೇರೆ. ಅದನ್ನು ಕಲಿಯಬೇಕೆಂದರೆ ಸಕ್ರೆಬೈಲಿಗೆ ಹೋಗಬೇಕು. ಬೆಳಗ್ಗೆ ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವ ಹೊತ್ತು, ತಮ್ಮನ ಮಗಳನ್ನು ಅಲ್ಲಿಗೂ ಕರೆದೊಯ್ದೆ. ಡಂಬೊ ಸಿನಿಮಾದ ಮರಿಗೆ ದೊಡ್ಡ ನೀಲಿ ಕಣ್ಣು ಇಟ್ಟಿದ್ದರು, ಅದಕ್ಕೇ ಅದರ ಸಂಕಟ ನಮಗೆ ಮುಟ್ಟಿತು. ಇಲ್ಲಿನ ಆನೆಗಳದು ಸುಕ್ಕುಗಳ ನಡುವೆ ಹೂತ ಚಿಕ್ಕ ಕಣ್ಣು. ಮೈಯ ಬಿಸಿ ಆರಿಸಿಕೊಳ್ಳಲು ಅವು ಕಿವಿ ಬೀಸುತ್ತಲೇ ಇರುತ್ತವೆ, ಕಿವಿಯ ತೆಳು ಚರ್ಮದಡಿ ಹರಿಯುವ ರಕ್ತ ತಣಿದು ಮೈಗೆ ಮರಳುತ್ತದೆ. ದಡದಲ್ಲಿದ್ದ ಒಂದು ಹೆಣ್ಣಾನೆಯ ಕಿವಿ ಇದ್ದಕ್ಕಿದ್ದಂತೆ ನಿಂತಿತು. ಮಾವುತರು ಕೈ ತಡೆದು, "ಸ್ವಲ್ಪ ಹಿಂದೆ ಬನ್ನಿ, ಏನೋ ಕೇಳಿಸ್ಕೊಳ್ತಾ ಇದೆ" ಎಂದರು. ನಮಗೆ ಏನೂ ಕೇಳಿಸಲಿಲ್ಲ. ಹುಡುಗಿ ನನ್ನ ಕೈ ಹಿಡಿದು, ಮುಖವನ್ನಲ್ಲ, ಕಿವಿಯನ್ನೇ ನೋಡುತ್ತ ನಿಂತಳು. ಒಂದೆರಡು ನಿಮಿಷ ಕಳೆದಿರಬೇಕು.

"ಅತ್ತೆ, ಬೀಸೋಕೆ ಶುರು ಮಾಡ್ತು. ಈಗ ಹೋಗಬಹುದು" ಎಂದಳು, ಮಾವುತರು ಬಾಯಿ ತೆರೆಯುವ ಮೊದಲೇ.