ರಕ್ತವರ್ಣಪಟಲ: ಒಂದು ವೆಬ್‌ಕಾಮಿಕ್‌ನ ಅನ್ಯಗ್ರಹ ಸಾಮ್ರಾಜ್ಯದ ಹಿನ್ನೆಲೆ

ಕನ್ನಡದಲ್ಲಿ ಬಣ್ಣಕ್ಕೂ ಸಮಾಜದ ಮೇಲು-ಕೀಳಿನ ಹಳೆಯ ವಿಂಗಡಣೆಗೂ ‘ವರ್ಣ’ ಎಂಬ ಒಂದೇ ಪದವಿದೆ. ಪಟ್ಟಕದ ಮೂಲಕ ಹಾದ ಬೆಳಕು ಬಣ್ಣಗಳಾಗಿ ಹರಡುವುದನ್ನು ‘ವರ್ಣಪಟಲ’ ಎಂದು ವಿಜ್ಞಾನದ ಪಾಠದಲ್ಲಿ ಕಲಿಯುವ ಮಗುವಿಗೆ ಸಮಾಜ ವಿಜ್ಞಾನದ ಪಾಠದಲ್ಲಿ ಅದೇ ‘ವರ್ಣ’ ಬೇರೊಂದು ಮುಖ ತೋರಿಸುತ್ತದೆ. ಬಸವನಗುಡಿಯಲ್ಲಿ ಕಾಲೇಜು ಓದುವ ನನ್ನ ಅಕ್ಕನ ಮಗಳು ‘ಹೋಮ್‌ಸ್ಟಕ್’ ಎಂಬ ವೆಬ್‌ಕಾಮಿಕ್ (ಅಂತರ್ಜಾಲದ ಚಿತ್ರಕಥೆ) ಅನ್ನು ತನ್ನ ಖುಷಿಗೆ ಕನ್ನಡಕ್ಕೆ ಇಳಿಸತೊಡಗಿದಾಗ, ಅದರಲ್ಲಿ ಬರುವ ‘ಹೀಮೋಸ್ಪೆಕ್ಟ್ರಮ್’, ಅಂದರೆ ರಕ್ತದ ಬಣ್ಣ ನೋಡಿ ಅಂತಸ್ತು ಗೊತ್ತುಮಾಡುವ ಏಣಿ, ಎಂಬುದಕ್ಕೆ ಏನೆನ್ನಬೇಕು ಎಂದು ಕೇಳಿದಳು. ‘ರಕ್ತವರ್ಣಪಟಲ’ ಎಂದು ಹೇಳಿದೆ. ಬೆಳಕಿನ ಪಾಠದಿಂದ ಎತ್ತಿಕೊಂಡ ಆ ಪದದೊಳಗೆ ಜಾತಿಯ ಅರ್ಥವೂ ತಾನಾಗಿ ಬಂದು ಕೂತಿತ್ತು.

ಅಮೆರಿಕದ ಆ್ಯಂಡ್ರ್ಯೂ ಹಸ್ಸಿ ಈ ಕಾಮಿಕ್ ಅನ್ನು 2009ರ ಏಪ್ರಿಲ್ 13ರಂದು ಆರಂಭಿಸಿ, ಏಳು ವರ್ಷಗಳ ನಂತರ ಅದೇ ದಿನಾಂಕದಂದು ಮುಗಿಸಿದರು. ಎಂಟು ಸಾವಿರಕ್ಕೂ ಹೆಚ್ಚು ಪುಟಗಳ ಈ ಕೃತಿಯಲ್ಲಿ ಚಿತ್ರ, ಆ್ಯನಿಮೇಷನ್, ಆಟ, ಉದ್ದುದ್ದದ ಚಾಟ್ ಸಂಭಾಷಣೆ ಎಲ್ಲವೂ ಬೆರೆತಿವೆ. ಕಥೆ ನಾಲ್ವರು ಮನುಷ್ಯ ಮಕ್ಕಳಿಂದ ಶುರುವಾಗುತ್ತದೆ. 2010ರಲ್ಲಿ ಆಲ್ಟರ್ನಿಯಾ ಎಂಬ ಗ್ರಹದ ಹನ್ನೆರಡು ಮಂದಿ ‘ಟ್ರೋಲ್’ಗಳ ಪೂರ್ವಕಥೆ ತೆರೆದುಕೊಳ್ಳುತ್ತದೆ. ಬೂದು ಮೈ, ಕಿತ್ತಳೆ-ಹಳದಿ ಕೊಂಬು, ಹನ್ನೆರಡು ರಾಶಿಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಹ್ನೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ರಕ್ತ. ತುಕ್ಕುಗೆಂಪಿನ ಅರಾಡಿಯಾ ಏಣಿಯ ಬುಡದಲ್ಲಿದ್ದಾಳೆ. ಕಂದು, ಹಳದಿ, ಹಸಿರು, ನೀಲಿ, ನೇರಳೆಗಳನ್ನು ದಾಟಿ ಹೋದರೆ ತುತ್ತತುದಿಯಲ್ಲಿ ಸಾಮ್ರಾಜ್ಞಿಯದೂ ಆಕೆಯ ಉತ್ತರಾಧಿಕಾರಿಯಾದ ಫೆಫೆರಿಯದೂ ಆದ ಗಾಢ ಗುಲಾಬಿ. ಮೇಲಿನ ಎರಡು ಬಣ್ಣದವರು ನೀರೊಳಗೆ ಬದುಕಬಲ್ಲರು. ಕೆಳಗಿನವರ ಆಯುಸ್ಸು ಕೆಲವು ದಶಕಗಳಾದರೆ ಸಾಮ್ರಾಜ್ಞಿಯದು ಸಾವಿರಾರು ವರ್ಷ. ದೊಡ್ಡವರಾದ ಕೂಡಲೇ ಎಲ್ಲರೂ ಗ್ರಹ ಬಿಟ್ಟು ಬೇರೆ ಲೋಕಗಳನ್ನು ಗೆಲ್ಲುವ ದಂಡಿಗೆ ಸೇರಬೇಕು.

ರಕ್ತಕ್ಕೆ ಬಣ್ಣ ಕಟ್ಟಿ ಅಂತಸ್ತು ಅಳೆಯುವ ಕಲ್ಪನೆ ಹಸ್ಸಿಯವರಿಗಿಂತ ಬಹಳ ಹಿಂದಿನದು. ಸ್ಪೇನಿನ ಟೊಲೆಡೊ ನಗರದಲ್ಲಿ 1449ರಲ್ಲಿ, ಯಹೂದಿ ಮೂಲದಿಂದ ಕ್ರೈಸ್ತರಾದವರು ಅಧಿಕಾರ ಹಿಡಿಯದಂತೆ ‘ರಕ್ತಶುದ್ಧಿ’ಯ ಹೆಸರಿನಲ್ಲಿ ಕಟ್ಟಳೆಯಾಯಿತು. ಶ್ರೀಮಂತ ಮನೆತನದವರ ಬಿಳಿ ಚರ್ಮದಡಿಯ ರಕ್ತನಾಳಗಳು ನೀಲಿಯಾಗಿ ಕಾಣುವುದನ್ನೇ ಕುಲದ ಗುರುತಾಗಿಸಿಕೊಂಡು ‘ನೀಲಿ ರಕ್ತ’ವೆಂಬ ಮಾತು ಹುಟ್ಟಿದ್ದೂ ಅದೇ ನೆಲದಲ್ಲಿ. ಹದಿನಾರನೆಯ ಶತಮಾನದಲ್ಲಿ ಗೋವಾ, ಮಲಬಾರುಗಳಿಗೆ ಬಂದ ಪೋರ್ಚುಗೀಸರು ಇಲ್ಲಿನ ಜಾತಿಗಳನ್ನು ಕರೆಯಲು ಬಳಸಿದ ‘ಕಾಸ್ತಾ’ ಎಂಬ ಪದವೇ ಮುಂದೆ ಇಂಗ್ಲಿಷಿನ ‘ಕಾಸ್ಟ್’ ಆಯಿತು. ಹೋಮ್‌ಸ್ಟಕ್‌ನ ತುದಿಯ ಬಣ್ಣಕ್ಕೂ ಇಂಥ ಚರಿತ್ರೆಯಿದೆ: ಮೆಡಿಟರೇನಿಯನ್ ಸಮುದ್ರದ ಮ್ಯೂರೆಕ್ಸ್ ಬಸವನಹುಳುಗಳಿಂದ ತೆಗೆಯುತ್ತಿದ್ದ ಟೈರ್ ಪಟ್ಟಣದ ಕೆನ್ನೇರಳೆ ರೋಮನ್ ಚಕ್ರವರ್ತಿಗಳ ಕಾಲದಲ್ಲಿ ರಾಜವರ್ಣವಾಗಿತ್ತು.

ವಿಜ್ಞಾನ ಕಥೆ ಈ ವಸ್ತುವನ್ನು ಬೇಗನೆ ಹಿಡಿಯಿತು. ಎಚ್.ಜಿ. ವೆಲ್ಸ್ 1895ರಲ್ಲೇ, ದುಡಿಯುವವರೂ ಸುಖಿಸುವವರೂ ದೂರದ ಭವಿಷ್ಯದಲ್ಲಿ ಎರಡು ಬೇರೆ ಜೀವಜಾತಿಗಳೇ ಆಗಿಹೋಗಿರುವುದನ್ನು ಕಲ್ಪಿಸಿದರು. ಆಲ್ಡಸ್ ಹಕ್ಸ್‌ಲಿ 1932ರಲ್ಲಿ ಸೀಸೆಯೊಳಗೆ ಹುಟ್ಟಿಸುವ ಐದು ವರ್ಗಗಳನ್ನು ಕಟ್ಟಿ, ಅವರವರ ಉಡುಪಿಗೂ ಬೇರೆ ಬೇರೆ ಬಣ್ಣ ಕೊಟ್ಟರು. ಅಲ್ಲಿ ಬಟ್ಟೆಯ ಮೇಲಿದ್ದ ಬಣ್ಣ ಹೋಮ್‌ಸ್ಟಕ್‌ನಲ್ಲಿ ಬರೆಯುವ ಅಕ್ಷರಕ್ಕೇ ಇಳಿದಿದೆ, ಏಕೆಂದರೆ ಟ್ರೋಲ್‌ಗಳು ಚಾಟ್ ಮಾಡುವಾಗ ತಮ್ಮ ರಕ್ತದ ಬಣ್ಣದಲ್ಲೇ ಅಕ್ಷರ ಮೂಡಿಸುತ್ತಾರೆ. ಮಾತಿನ ಅರ್ಥ ತಿಳಿಯುವ ಮೊದಲೇ ಮಾತಾಡಿದವರ ಕುಲ ತಿಳಿದಿರುತ್ತದೆ.

ಕಾರ್ಕಟ್ ವ್ಯಾಂಟಾಸ್ ಮಾತ್ರ ಬೂದು ಅಕ್ಷರದಲ್ಲಿ ಬರೆಯುತ್ತಾನೆ. ಅವನ ರಕ್ತ ಉಜ್ವಲ ಕೆಂಪು. ಪಟಲದಲ್ಲಿ ಆ ಬಣ್ಣಕ್ಕೆ ಸ್ಥಾನವೇ ಇಲ್ಲ, ಗೊತ್ತಾದರೆ ಕೊಂದುಹಾಕುತ್ತಾರೆ. ಸದಾ ಸಿಡುಕುವ, ಎಲ್ಲರನ್ನೂ ಬೈಯುವ, ನಾಯಕನೆನಿಸಿಕೊಳ್ಳಲು ಹೆಣಗುವ ಈ ಹುಡುಗನ ಸಿಡುಕಿನ ಅಡಿಯಲ್ಲಿ ಹೆದರಿಕೆಯಿದೆ. ನನ್ನ ಗೆಳೆಯರೊಬ್ಬರು ವಿಜಯನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ, ಸಂಬಳ ಎಷ್ಟು ಎಂದು ಕೇಳುವ ಮೊದಲೇ ಮನೆ ಮಾಲೀಕರು “ನೀವು ಯಾವ ಪೈಕಿ?” ಎಂದು ಕೇಳಿದ್ದರು. ಅಂದಿನಿಂದ ಅವರು ಫೋನಿನಲ್ಲಿ ಇನಿಷಿಯಲ್ ಮಾತ್ರ ಹೇಳುತ್ತಾರೆ, ಊರಿನ ಹೆಸರನ್ನೂ ನುಂಗಿಕೊಳ್ಳುತ್ತಾರೆ. ಆ ಬೂದು ಅಕ್ಷರ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಹಸ್ಸಿಯವರ ಕಲ್ಪನೆಯಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು ಈ ವ್ಯವಸ್ಥೆ ಎರಡು ಪಾಳೆಯಗಳಾಗಿಲ್ಲದೆ ಹಲವು ಮೆಟ್ಟಿಲುಗಳಾಗಿರುವುದು. ಅಂಬೇಡ್ಕರ್ ಅವರು ‘ಶ್ರೇಣೀಕೃತ ಅಸಮಾನತೆ’ ಎಂದು ಹೆಸರಿಸಿದ್ದು ಇದನ್ನೇ: ಪ್ರತಿಯೊಬ್ಬರಿಗೂ ತುಳಿಯಲು ಕೆಳಗೊಬ್ಬರಿರುವುದರಿಂದ ಯಾರೂ ಏಣಿಯನ್ನೇ ಬೀಳಿಸಲು ಒಟ್ಟಾಗಿ ಬರುವುದಿಲ್ಲ. ನೀಲಿ ರಕ್ತದ ಈಕ್ವಿಯಸ್ ಇದಕ್ಕೆ ಪೂರ್ಣ ಉದಾಹರಣೆ. ಕೆಳಗಿನವರಿಗೆ ಅಪ್ಪಣೆ ಕೊಡುವುದರಲ್ಲಿ ಅವನಿಗೆಷ್ಟು ಸುಖವೋ, ಮೇಲಿನವರಿಂದ ಅಪ್ಪಣೆ ಪಡೆಯುವುದರಲ್ಲೂ ಅಷ್ಟೇ ಸುಖ. ತುಕ್ಕುಗೆಂಪಿನ ಅರಾಡಿಯಾಳನ್ನು ಅವನು ಪ್ರೀತಿಸುತ್ತಾನೆ, ಅದಕ್ಕಾಗಿ ನಾಚಿಕೊಳ್ಳುತ್ತಾನೆ. ಸತ್ತುಹೋಗಿರುವ ಅವಳ ಆತ್ಮಕ್ಕೊಂದು ಯಂತ್ರದೇಹ ಕಟ್ಟಿಕೊಟ್ಟಾಗ ಅದರೊಳಗೆ ನೀಲಿ ರಕ್ತವನ್ನೇ ಹರಿಸುತ್ತಾನೆ. ಕೊನೆಗೆ ತನಗಿಂತ ಮೇಲಿನ ರಕ್ತದ ಗಾಮ್ಜಿ ಕೊಲ್ಲಲು ಬಂದಾಗ ಕೈಯೆತ್ತದೆ, ನಗುತ್ತಲೇ ಸಾಯುತ್ತಾನೆ. ಕಲ್ಲನ್ನೂ ಪುಡಿಮಾಡುವ ಬಲವಿದ್ದವನು ಅವನು. ಈ ಸಾವನ್ನು ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ಕಥೆಯ ಇನ್ನೊಂದು ಪದರದಲ್ಲಿ ಇವರ ಪೂರ್ವಜರಿದ್ದಾರೆ. ಕಾರ್ಕಟ್‌ನ ಪೂರ್ವಜ ಕುಲಚಿಹ್ನೆಯೇ ಇಲ್ಲದವನು. ಎಲ್ಲ ಬಣ್ಣಗಳೂ ಸಮಾನವೆಂದು ಸಾರಿದ್ದಕ್ಕೆ ಅವನನ್ನು ಕಾದ ಬೇಡಿಗಳಲ್ಲಿ ಬಿಗಿದು ಕೊಂದರು. ಆ ಬೇಡಿಗಳ ಆಕಾರವೇ ಕಾರ್ಕಟ್‌ನ ಚಿಹ್ನೆಯಾಯಿತು. ಆ ಪೂರ್ವಜನನ್ನು ಸಾಕಿದ ತಾಯಿಯನ್ನು ಗುಲಾಮಳಾಗಿ ಮಾರಿದರು. ಮನಶ್ಶಕ್ತಿಯಿದ್ದ ಹಳದಿ ರಕ್ತದ ಅನುಯಾಯಿಯನ್ನು ಸಾಮ್ರಾಜ್ಞಿ ತನ್ನ ಹಡಗಿಗೆ ಕಟ್ಟಿ, ಅವನ ಮೈಯನ್ನೇ ಎಂಜಿನ್ ಮಾಡಿಕೊಂಡಳು. ಶಿಷ್ಯೆಯೊಬ್ಬಳು ತಪ್ಪಿಸಿಕೊಂಡು ಆ ಪೂರ್ವಜನ ಮಾತುಗಳನ್ನು ಬರೆದಿಟ್ಟಳು. ಇದನ್ನು ಓದುವ ಕನ್ನಡಿಗರ ಮನಸ್ಸು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗದಿರದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಆ ಇಬ್ಬರು ತಂದೆಯರಿಗೆ ಮರಣದಂಡನೆಯಾದ ಕಥೆ, ಶರಣರು ಚದುರಿಹೋದದ್ದು, ವಚನದ ಓಲೆಗರಿಗಳು ಮನೆಮನೆಯ ಕಟ್ಟುಗಳಲ್ಲಿ ಉಳಿದು ಇಪ್ಪತ್ತನೆಯ ಶತಮಾನದಲ್ಲಿ ಫ.ಗು. ಹಳಕಟ್ಟಿಯವರ ಕೈ ಸೇರಿ ಅಚ್ಚಾದದ್ದು ನಮಗೆ ಗೊತ್ತಿರುವ ಸಂಗತಿಗಳು. ಹಸ್ಸಿಯವರ ಕಥೆಯ ಎರಕ ಕ್ರೈಸ್ತ ಪುರಾಣದ್ದೆಂದು ಮೇಲ್ನೋಟಕ್ಕೇ ತಿಳಿಯುತ್ತದೆ. ಆದರೂ ಮಾತನ್ನು ಬಚ್ಚಿಟ್ಟು ಉಳಿಸಿದ ಆ ಶಿಷ್ಯೆ ನನಗೆ ನಮ್ಮವಳಾಗಿಯೇ ಕಾಣುತ್ತಾಳೆ.

ಆದರೆ ಒಂದು ಕಡೆ ನನಗೆ ಗಂಭೀರವಾದ ತಕರಾರಿದೆ. ಆಲ್ಟರ್ನಿಯಾದಲ್ಲಿ ಬಣ್ಣದ ಜೊತೆಗೆ ಆಯುಸ್ಸು, ತೋಳ್ಬಲ, ಮನಶ್ಶಕ್ತಿಗಳೂ ನಿಜವಾಗಿಯೇ ಬದಲಾಗುತ್ತವೆ, ಅಂದರೆ ಅಲ್ಲಿ ಮೇಲು-ಕೀಳಿಗೆ ದೇಹವೇ ಸಾಕ್ಷಿ ನುಡಿಯುತ್ತದೆ. ನಮ್ಮಲ್ಲಿ ಅಂಥ ಸಾಕ್ಷಿ ಯಾವತ್ತೂ ಇರಲಿಲ್ಲ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದ ರಕ್ತದ ಗುಂಪುಗಳು ಎಲ್ಲ ಜಾತಿಗಳಲ್ಲೂ ಹರಡಿಕೊಂಡಿವೆ. ವಿಕ್ಟೋರಿಯಾ ಆಸ್ಪತ್ರೆಯ ರಕ್ತನಿಧಿಯ ಚೀಲದ ಮೇಲೆ ಗುಂಪು ಬರೆದಿರುತ್ತದೆಯೇ ಹೊರತು ಕುಲವಲ್ಲ. ಇಪ್ಪತ್ತೈದು ವರ್ಷದ ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ, ಜಾತಿಯ ಜೀವಾಳವಿರುವುದು ಒಳಗೊಳಗೇ ಮದುವೆಯಾಗುವ ಕಟ್ಟುಪಾಡಿನಲ್ಲಿ ಎಂದು ತೋರಿಸಿಕೊಟ್ಟರು. ಟ್ರೋಲ್‌ಗಳಿಗೆ ಆ ಕಟ್ಟುಪಾಡೇ ಇಲ್ಲ. ಎಲ್ಲರ ಬೀಜದ್ರವ್ಯವೂ ಮರಿಗಳನ್ನು ಹೆರುವ ತಾಯಿಹುಳುವಿನೊಳಗೆ ಒಂದಾಗಿ ಬೆರೆಯುತ್ತದೆ, ತಂದೆತಾಯಿ ಯಾರೆಂದು ಯಾರಿಗೂ ತಿಳಿಯದು, ಮಕ್ಕಳನ್ನು ಸಾಮಾನ್ಯವಾಗಿ ಸಾಕುವುದು ಪ್ರಾಣಿಗಳು. ಮದುವೆಯ ಬೇಲಿಯಿಲ್ಲದ ಜಾತಿಯನ್ನು ಉಳಿಸಲು ಹಸ್ಸಿಯವರು ಅದನ್ನು ರಕ್ತದಲ್ಲೇ ನೆಡಬೇಕಾಯಿತು. ಎಳೆಯ ಓದುಗರು ಇದನ್ನೇ ನಮ್ಮ ಜಾತಿಯ ವಿವರಣೆಯೆಂದು ಭಾವಿಸಿದರೆ ಅಪಾಯವಿದೆ. ಕಾಮಿಕ್‌ನೊಳಗೇ ಇದಕ್ಕೆ ಅರ್ಧ ಉತ್ತರವೂ ಇದೆ: ಕಾರ್ಕಟ್‌ನ ಹೇಳಿಕೊಳ್ಳಲಾಗದ ಆ ಕೆಂಪು ಮನುಷ್ಯ ಮಕ್ಕಳ ಮೈಯಲ್ಲಿ ಹರಿಯುವ ಕೆಂಪೇ ಆಗಿದೆ.

ಆ್ಯನಿಮೇಷನ್‌ಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶ 2020ರ ಕೊನೆಗೆ ನಿಂತುಹೋದಾಗ ಈ ಕೃತಿಯ ಆ್ಯನಿಮೇಷನ್‌ಗಳನ್ನು ಓದುಗರೇ ಸೇರಿ ಉಳಿಸಿಕೊಂಡರು. ಅಕ್ಕನ ಮಗಳು ಓದುತ್ತಿರುವುದು ಹಾಗೆ ಉಳಿದ ಪ್ರತಿ. ಗಾಂಧಿ ಬಜಾರಿನಿಂದ ತಂದ ಬಣ್ಣದ ಪೆನ್ನುಗಳಲ್ಲಿ ಅವಳು ಒಬ್ಬೊಬ್ಬರ ಮಾತನ್ನು ಅವರವರ ಬಣ್ಣದಲ್ಲಿ, ಕಾರ್ಕಟ್‌ನದನ್ನು ಪೆನ್ಸಿಲಿನಲ್ಲಿ ಬರೆಯುತ್ತಾಳೆ. ಬಣ್ಣಕ್ಕಿಂತ ಹೆಚ್ಚು ಅವಳನ್ನು ಕಾಡುತ್ತಿರುವುದು ನೀನು-ನೀವುಗಳು, ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಮುಗಿದುಹೋದದ್ದನ್ನು ಕನ್ನಡದಲ್ಲಿ ಪ್ರತಿ ಸಾಲಿನಲ್ಲೂ ತೀರ್ಮಾನಿಸಬೇಕು. ಕಾರ್ಕಟ್ ಎಲ್ಲರಿಗೂ ‘ನೀನು’ ಎನ್ನುತ್ತಾನೆ. ಈಕ್ವಿಯಸ್ ಗಾಮ್ಜಿಗೆ ‘ತಾವು’ ಎನ್ನುತ್ತಾನೆ. ಅರಾಡಿಯಾಳನ್ನು ಅವನು ಏನೆಂದು ಕರೆಯಬೇಕೆಂಬ ಜಾಗವನ್ನು ಅಕ್ಕನ ಮಗಳು ಪುಟಗಟ್ಟಲೆ ಖಾಲಿ ಬಿಟ್ಟಿದ್ದಾಳೆ.