ಕಾಫಿ ತೋಟಕ್ಕೂ ಉಪಗ್ರಹಕ್ಕೂ ನಂಟು ಬೆಳೆದದ್ದು ಹೇಗೆ?

ಕಾಫಿ ಕೊಳ್ಳುವವರು ಈಗ ತೋಟದ ಅಕ್ಷಾಂಶ, ರೇಖಾಂಶ ಕೇಳುತ್ತಿದ್ದಾರೆ. ಚಿಕ್ಕಮಗಳೂರು, ಸಕಲೇಶಪುರ ಕಡೆಯ ಬೆಳೆಗಾರರಿಗೆ ಇದು ಹೊಸ ತಲೆನೋವು. ಯುರೋಪಿಗೆ ಹೋಗುವ ಕಾಫಿ ಎಲ್ಲಿ ಬೆಳೆದದ್ದು ಎಂದು ತೋರಿಸಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗ ಅದಾಗಿರಬಾರದು. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮ ಇದು. ಜಾರಿಯ ದಿನ ಮುಂದೆ ಹೋಗುತ್ತಲೇ ಇದೆ, ನಿಯಮ ಮಾತ್ರ ಹೋಗಿಲ್ಲ. ಕಾಡು ಕಡಿದಿದ್ದಾರಾ ಇಲ್ಲವಾ ಎಂದು ನೋಡಲು ಮುಖ್ಯ ಆಧಾರ ಉಪಗ್ರಹದ ಚಿತ್ರ.

ಹಾಗೆ ನೋಡಿದರೆ ಈ ಭಾಗಕ್ಕೆ ಉಪಗ್ರಹ ಹೊಸದೇನಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇನ್ಸಾಟ್ ಉಪಗ್ರಹಗಳು ಜಾಗ ಬಿಟ್ಟು ಸರಿಯದಂತೆ ನೋಡಿಕೊಳ್ಳುವ ಕೆಲಸ ಅಲ್ಲಿ ನಡೆಯುತ್ತದೆ. ಆದರೆ ಅಲ್ಲೇ ಪಕ್ಕದ ಆಲೂಗಡ್ಡೆ ಮಂಡಿಗಾಗಲಿ, ಕಾಫಿ ತೋಟಕ್ಕಾಗಲಿ ಬಹಳ ವರ್ಷ ಸಿಕ್ಕಿದ್ದು ಟಿವಿ ಮತ್ತು ಹವಾಮಾನ ಸುದ್ದಿ, ಅಷ್ಟೇ.

ಕಾರಣ ಇತ್ತು. ನೆಲದ ಚಿತ್ರ ತೆಗೆಯುವ ನಮ್ಮ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚ್‌ನಲ್ಲಿ. ಅದರ ಒಳ್ಳೆಯ ಕ್ಯಾಮೆರಾದಲ್ಲೂ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, ನೆಲದ ಮೇಲೆ ಸುಮಾರು 36 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ 13 ಗುಂಟೆ! ಎರಡು ಎಕರೆಯವನ ತೋಟ ಅದರಲ್ಲಿ ಐದಾರು ಚುಕ್ಕಿ. ಸರ್ಕಾರಕ್ಕೆ ಜಿಲ್ಲೆಯ ನಕ್ಷೆ ಮಾಡಲು ಅದು ಸಾಕು, ಬೆಳೆಗಾರನಿಗೆ ಏನು ಉಪಯೋಗ? ಸಾಲದ್ದಕ್ಕೆ ಚಿತ್ರಕ್ಕೆ ದುಡ್ಡು ಕೊಡಬೇಕಿತ್ತು, ಸೂಕ್ಷ್ಮ ಚಿತ್ರವಾದರೆ ಅನುಮತಿಯ ತಾಪತ್ರಯ ಬೇರೆ.

ಆಮೇಲೆ ಬಾಗಿಲು ಒಂದೊಂದಾಗಿ ತೆರೆದವು. 2008ರಲ್ಲಿ ಅಮೆರಿಕ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಉಚಿತ ಮಾಡಿತು, 2009ರಲ್ಲಿ ಇಸ್ರೋದ ಭುವನ್ ಎಂಬ ನಕ್ಷೆಗಳ ಜಾಲತಾಣ ಬಂತು. 2015ರಲ್ಲಿ ಯುರೋಪಿನ ಸೆಂಟಿನೆಲ್-2 ಹಾರಿತು. ಅದರ ಪಿಕ್ಸೆಲ್ 10 ಮೀಟರ್, ಹೆಚ್ಚುಕಮ್ಮಿ ಒಂದು ಗುಂಟೆ. ಅದೂ ಪುಕ್ಕಟೆ. ನಿಯಮ ಹೇರುವವರೇ ಚಿತ್ರವನ್ನೂ ಕೊಡುತ್ತಿದ್ದಾರೆ ಅನ್ನಿ! ನಮ್ಮಲ್ಲಿ 2020ರಲ್ಲಿ ಖಾಸಗಿಯವರಿಗೆ ದಾರಿ ಮಾಡಲು ಇನ್‌-ಸ್ಪೇಸ್ ಎಂಬ ಸಂಸ್ಥೆಯ ಘೋಷಣೆಯಾಯಿತು, 2021ರಲ್ಲಿ ನಕ್ಷೆಗಳ ಮೇಲಿನ ಬಿಗಿ ಸಡಿಲವಾಯಿತು, 2023ರಲ್ಲಿ ಬಾಹ್ಯಾಕಾಶ ನೀತಿ ಬಂತು.

ಈಗ ದುಡ್ಡು, ಅನುಮತಿ ಅಷ್ಟು ದೊಡ್ಡ ಅಡ್ಡಿಯಲ್ಲ. ನನಗೆ ಕಾಣುವ ಅಡ್ಡಿ, ಉಪಗ್ರಹದ ಚಿತ್ರವನ್ನೂ ಮಲೆನಾಡನ್ನೂ ಬಲ್ಲ ಮಧ್ಯದವನ ಕೊರತೆ.

ನಮ್ಮ ಕಾಫಿ ಬೆಳೆಯುವುದು ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಲ್ಲಿ. ಮೇಲಿಂದ ನೋಡಿದರೆ ಕಾಣುವುದು ಆ ಮರಗಳ ತಲೆ. ಗಿಡ ಸೊರಗಿದ್ದರೂ ಚಿತ್ರ ಹಸಿರಾಗೇ ಇರುತ್ತದೆ. ನೆರಳು ಕಪಾತು ಮಾಡಿದರೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದರೆ, ಕಂಪ್ಯೂಟರ್ ಅದನ್ನು ಕಾಡು ಕಡಿದದ್ದು ಅಂದುಕೊಂಡರೂ ಆಶ್ಚರ್ಯವಿಲ್ಲ. ಕೃಷಿಗೆ ಬಳಸುವ ಜಮೀನಿನಲ್ಲಿ ಮರಗಳಿದ್ದರೂ ಅದು ಕಾಡಲ್ಲ ಎಂದು ಐರೋಪ್ಯ ಒಕ್ಕೂಟದ ನಿಯಮವೇ ಹೇಳುತ್ತದೆ. ಆದರೆ ತಪ್ಪು ನಕ್ಷೆ ಹಿಡಿದು ಬಂದವನಿಗೆ ಅದನ್ನು ವಿವರಿಸುವವರು ಬೇಕಲ್ವಾ? ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಆಗ ಮಾಮೂಲಿ ಕ್ಯಾಮೆರಾ ಕುರುಡು, ಮೋಡ ದಾಟಿ ನೋಡುವ ರಾಡಾರ್ ಉಪಗ್ರಹವೇ ಬೇಕು. 2025ರ ಜುಲೈನಲ್ಲಿ ಹಾರಿದ ನಿಸಾರ್ ಅಂಥದ್ದು. 12 ದಿನಕ್ಕೊಮ್ಮೆ ಅದೇ ಜಾಗ ನೋಡುತ್ತದೆ.

ನೆಲದ ಮೇಲಿನ ತೊಡಕೂ ಕಡಿಮೆಯಿಲ್ಲ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ಮೀರಿದ ತೋಟಕ್ಕೆ ಸುತ್ತಲಿನ ಗಡಿ ಗುರುತಿಸಿ ಕೊಡಬೇಕು. ಅದಕ್ಕಿಂತ ಚಿಕ್ಕದಾದರೆ ಒಂದು ಬಿಂದು ಸಾಕು. ಮೊಬೈಲ್ ಹಿಡಿದು ಬೇಲಿ ಸುತ್ತಿದರೆ ದಟ್ಟ ಮರಗಳ ಕೆಳಗೆ ಗೆರೆ ಕೆಲವು ಮೀಟರ್ ಆಚೀಚೆ ಜಾರುತ್ತದೆ. ಬಂದ ನಕ್ಷೆ ಪಹಣಿಗೆ ತಾಳೆಯಾಗುವುದಿಲ್ಲ. ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿ ಖಾತೆ, ಪೋಡಿ (ಅಳತೆ ಮಾಡಿ ಭಾಗ ಬೇರೆ ಮಾಡುವುದು) ಆಗಿಲ್ಲ, ಪಕ್ಕದಲ್ಲೊಂದಿಷ್ಟು ಒತ್ತುವರಿ. ಗಡಿ ಕೊಡಿ ಎಂದರೆ ಹಲವರು ಹಿಂಜರಿಯುವುದು ಸುಮ್ನೆ ಅಲ್ಲ. ಈ ಭಯ ಹೋಗದೆ ಆ್ಯಪ್ ಎಷ್ಟು ಚೆಂದ ಮಾಡಿದರೂ ಬಳಸುವವರು ಸಿಗುವುದು ಕಷ್ಟ.

ಈ ಮಧ್ಯದವನ ಕೆಲಸಕ್ಕೆ ಸರಿಯಾದ ಜಾಗ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಮತ್ತು ರೈತ ಉತ್ಪಾದಕ ಕಂಪನಿಗಳು ಎಂದು ನನಗನ್ನಿಸುತ್ತದೆ. ಸಣ್ಣ ಬೆಳೆಗಾರ ಚೆರ್ರಿಯನ್ನು, ಅಂದರೆ ಕಾಫಿ ಹಣ್ಣನ್ನು, ಊರಿನ ವ್ಯಾಪಾರಿಗೆ ಹಾಕುತ್ತಾನೆ. ಅಲ್ಲಿ ಹತ್ತು ತೋಟದ ಮೂಟೆ ಒಂದೇ ರಾಶಿಯಾಗುತ್ತದೆ. ಅಲ್ಲಿಂದ ಮುಂದೆ ಯಾವ ಮೂಟೆ ಯಾವ ಸರ್ವೆ ನಂಬರಿನದ್ದು ಎಂದು ಉಪಗ್ರಹಕ್ಕೆ ತಿಳಿಯುವುದಿಲ್ಲ. ತೂಕ ಹಾಕುವಾಗಲೇ ಚೀಟಿಯಲ್ಲಿ ಬರೆಯಬೇಕು, ರಾಶಿ ಬೇರೆ ಬೇರೆ ಇಡಬೇಕು. ಅದಕ್ಕೆ ಆಗುವ ಖರ್ಚು ಬೆಳೆಗಾರನ ರೇಟಿನಲ್ಲೇ ಮುರಿದುಕೊಳ್ಳುತ್ತಾರಾ, ಯುರೋಪಿನವನು ಜಾಸ್ತಿ ಕೊಡುತ್ತಾನಾ ಎನ್ನುವುದನ್ನು ಯಾವ ನಿಯಮದಲ್ಲೂ ಬರೆದಿಲ್ಲ.