ರಾತ್ರಿ ಹೊತ್ತು ಸನ್ ಫಿಲ್ಮ್ ನಿಮ್ಮನ್ನು ಮುಚ್ಚುವುದಿಲ್ಲ

ಪ್ರಶ್ನೆ: ವ್ಯಾನ್‌ನಲ್ಲೇ ವಾಸ ಶುರು ಮಾಡುತ್ತಿದ್ದೇನೆ. ಜಾಸ್ತಿ ಖರ್ಚಿಲ್ಲದೆ ಕಿಟಕಿ ಮುಚ್ಚುವುದು ಹೇಗೆ? ಕನ್ನಡಿಯಂತೆ ಹೊಳೆಯುವ ಫಿಲ್ಮ್ ಅಂಟಿಸಿದರೆ ನಮಗೆ ಹೊರಗೆ ಕಾಣುತ್ತೆ, ಹೊರಗಿನವರಿಗೆ ಒಳಗೆ ಕಾಣಲ್ಲ ಅಂತಾರೆ. ಅದೊಂದೇ ಸಾಕಲ್ವಾ?

ಸಾಲದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಒಂದೇ ದಿಕ್ಕಿಗೆ ಕಾಣುವ ಫಿಲ್ಮ್ ಅನ್ನುವುದೇ ಇಲ್ಲ. ಯಾವುದು ಒಳಗೆ, ಯಾವುದು ಹೊರಗೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ವಾಪಸ್ ಕಳಿಸುತ್ತದೆ, ಒಂದಿಷ್ಟನ್ನು ತಾನೇ ಹೀರುತ್ತದೆ, ಉಳಿದದ್ದನ್ನು ಆಚೆ ಬಿಡುತ್ತದೆ. ಹೊರಗಿನಿಂದ ಒಳಗೆ ಶೇ 20ರಷ್ಟು ಬಿಟ್ಟರೆ, ಒಳಗಿನಿಂದ ಹೊರಗೂ ಶೇ 20ರಷ್ಟೇ ಬಿಡುತ್ತದೆ. ಕತ್ತಲಿರುವ ಕಡೆ ನಿಂತವರಿಗೆ ಬೆಳಕಿರುವ ಕಡೆ ಕಾಣುತ್ತದೆ, ಅಷ್ಟೇ.

ಬೆಳಕು ಎಷ್ಟು ಬೀಳುತ್ತಿದೆ ಅಂತ ಅಳೆಯುವ ಮಾನ ಲಕ್ಸ್. ಹಗಲಲ್ಲಿ ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಮೋಡ ಕವಿದಿದ್ದರೂ ಸಾವಿರಾರು ಲಕ್ಸ್. ವ್ಯಾನ್ ಒಳಗೆ ಅದರ ಸಣ್ಣ ಪಾಲು ಮಾತ್ರ. ಹೊರಗಿನವರಿಗೆ ಗಾಜಿನ ಮೇಲೆ ಆಕಾಶವೇ ಹೊಳೆಯುತ್ತದೆ, ಒಳಗಿನ ಮಂದ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ರಾತ್ರಿ ಲೆಕ್ಕ ತಿರುಗುಮುರುಗು. ಬೀದಿ ದೀಪದ ಕೆಳಗೂ ಹತ್ತಿಪ್ಪತ್ತು ಲಕ್ಸ್ ಇದ್ದರೆ ಹೆಚ್ಚು. ನೀವು ಓದಲು ಹಚ್ಚಿದ ದೀಪ 100 ಲಕ್ಸ್ ಕೊಡಬಹುದು. ಆಗ ಹೊರಗೆ ನಿಂತವರಿಗೆ ನೀವು ಹಾಸಿಗೆ ಬಿಡಿಸುವುದು, ಬಟ್ಟೆ ಬದಲಿಸುವುದು ಎಲ್ಲ ಕಾಣುತ್ತದೆ. ಸ್ವಲ್ಪ ಮಸುಕಾಗಿ, ಆದರೆ ಯಾರು, ಏನು ಮಾಡುತ್ತಿದ್ದಾರೆ ಅಂತ ತಿಳಿಯುವಷ್ಟು.

ಹಾಗಿದ್ದರೂ ಜನ ಇದನ್ನು ಯಾಕೆ ಬಿಡುವುದಿಲ್ಲ? ಕಾರಣ ಗಾಜಿನಲ್ಲೇ ಇದೆ. ರಾತ್ರಿ ದೀಪ ಹಚ್ಚಿಕೊಂಡು ಕಿಟಕಿ ನೋಡಿ. ನಿಮ್ಮ ಮುಖವೇ ಕಾಣುತ್ತದೆ, ಹೊರಗಿನದು ಏನೂ ಕಾಣುವುದಿಲ್ಲ. ನನಗೆ ಅವರು ಕಾಣದಿದ್ದರೆ ಅವರಿಗೂ ನಾನು ಕಾಣಲ್ಲ ಅಂತ ಮನಸ್ಸು ನಂಬಿಬಿಡುತ್ತದೆ. ನಿಜ ಉಲ್ಟಾ. ಗಾಜಿನಲ್ಲಿ ನಿಮ್ಮ ಮುಖ ಚೆನ್ನಾಗಿ ಕಾಣುತ್ತಿದೆ ಅಂದರೆ ಬೆಳಕು ನಿಮ್ಮ ಕಡೆಯೇ ಜಾಸ್ತಿ ಇದೆ, ಹೊರಗಿನವರಿಗೆ ನೀವು ಕಾಣುತ್ತಿದ್ದೀರಿ.

ವ್ಯಾನ್ ಜೊತೆಗೇ ಬರುವ ಕಪ್ಪು ಗಾಜಿಗೂ ಇದೇ ಮಾತು. ಫಿಲ್ಮ್ ಮೇಲೆ ಇನ್ನೊಂದು ಫಿಲ್ಮ್ ಹಾಕಿದರೆ ಆಗಲ್ವಾ ಅಂತಲೂ ಕೇಳುತ್ತಾರೆ. ರಾತ್ರಿ ಓಡಿಸುವಾಗ ನಿಮಗೇ ದಾರಿ ಕಾಣದ ಹಾಗಾಗುತ್ತದೆ. ಮುಂದಿನ ಗಾಜು, ಮುಂದಿನ ಬಾಗಿಲ ಗಾಜುಗಳಿಗೆ ಫಿಲ್ಮ್ ಹಾಕಲು ಹಲವು ದೇಶಗಳಲ್ಲಿ ಕಾನೂನೂ ಬಿಡುವುದಿಲ್ಲ.

ಬೇಕಿರುವುದು ಬೆಳಕನ್ನು ಪೂರ್ತಿ ತಡೆಯುವ, ಓಡಿಸುವಾಗ ತೆಗೆದಿಡಬಹುದಾದ ಮುಚ್ಚಳ. ಅಗ್ಗದ್ದೇ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳ್ಳಿ ಬಣ್ಣದ ಬಬಲ್ ಶೀಟ್ ತನ್ನಿ. ಮೊದಲು ಹಳೇ ಪೇಪರನ್ನು ಗಾಜಿಗೆ ಟೇಪ್ ಹಾಕಿ ಅಂಟಿಸಿ, ಚೌಕಟ್ಟಿನ ಅಂಚಿನ ಗುಂಟ ಬೆರಳಿನಿಂದ ಒತ್ತುತ್ತಾ ಹೋಗಿ. ಮಡಿಕೆ ಬಿದ್ದ ಗೆರೆಯ ಮೇಲೆ ಮಾರ್ಕರ್ ಎಳೆಯಿರಿ. ಶೀಟನ್ನು ಆ ಗೆರೆಗಿಂತ 1 ಸೆಂ.ಮೀ. ಹೊರಗೆ ಕತ್ತರಿಸಿ. ದೊಡ್ಡದಾದರೆ ಆಮೇಲೆ ಸವರಬಹುದು, ಚಿಕ್ಕದಾದರೆ ಶೀಟ್ ದಂಡ. ಆ ಒಂದು ಸೆಂಟಿಮೀಟರೇ ಚೌಕಟ್ಟಿನೊಳಗೆ ಬಿಗಿಯಾಗಿ ಕೂತು ಮುಚ್ಚಳವನ್ನು ಹಿಡಿದಿಡುತ್ತದೆ.

ಗಾಜಿನ ಕಡೆ ಬರುವ ಬದಿಗೆ ಕಪ್ಪು ಬಟ್ಟೆ ಅಂಟಿಸಿ. ಹೊರಗಿನಿಂದ ನೋಡಿದರೆ ಬರೀ ಕಪ್ಪು ಗಾಜು ಅನ್ನಿಸಬೇಕು. ಬೆಳ್ಳಿ ಹೊಳಪು ಕಂಡರೆ ಒಳಗೆ ಯಾರೋ ಮಲಗಿದ್ದಾರೆ ಅಂತ ಎಲ್ಲರಿಗೂ ತಿಳಿಯುತ್ತದೆ. ಎಡ, ಬಲ ಕಿಟಕಿಗಳ ಆಕಾರ ಒಂದಕ್ಕೊಂದು ತಿರುಗುಮುರುಗು ಅನ್ನುವುದು ನೆನಪಿರಲಿ. ಪೇಪರಿನ ಮೇಲೆ 'ಗಾಜಿನ ಬದಿ' ಅಂತ ಬರೆದಿಡದಿದ್ದರೆ ಬಟ್ಟೆ ತಪ್ಪು ಬದಿಗೆ ಅಂಟಿರುತ್ತದೆ. ಬಿಸಿಲಿನ ದಿನ ಕಪ್ಪು ಬದಿ ಶಾಖ ಹೀರುತ್ತದೆ, ಆಗ ಹೊಳೆಯುವ ಬದಿ ಹೊರಗಿರಬೇಕು. ಚೌಕಾಕಾರದ ಕಿಟಕಿಯಾದರೆ ಸುಮ್ನೆ ತಿರುಗಿಸಿ ಹಾಕಿ.

ಚೌಕಟ್ಟಿನಲ್ಲಿ ನಿಲ್ಲದಿದ್ದರೆ ಅಂಚಿಗೆ ಸಣ್ಣ ಮ್ಯಾಗ್ನೆಟ್ ಹೊಲಿಯಬಹುದು. ಮೊದಲು ಒಂದು ಮ್ಯಾಗ್ನೆಟ್ ಹಿಡಿದು ನೋಡಿ, ಕಿಟಕಿ ಸುತ್ತ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅಂಟುವುದಿಲ್ಲ. ಗಾಜಿಗೆ ಒತ್ತಿ ಅಂಟಿಸುವ ರಬ್ಬರ್ ಬಟ್ಟಲಿನ (ಸಕ್ಷನ್ ಕಪ್) ಯೋಚನೆ ಬೇಡ. ಧೂಳು, ಚಳಿ ಸೇರಿದರೆ ನಡುರಾತ್ರಿ ಕಳಚಿ ಬೀಳುತ್ತದೆ. ಮುಂದಿನ ಮೂರು ಗಾಜಿಗೆ ಬೇರೆ ಬೇರೆ ಮಾಡುವ ಬದಲು ಸೀಟಿನ ಹಿಂದೆ ಅಡ್ಡಕ್ಕೆ ಒಂದೇ ದಪ್ಪ ಪರದೆ ಎಳೆದರೆ ಕೆಲಸ ಮುಗಿಯಿತು. ದಪ್ಪ ಅಂದೆ, ತೆಳು ದುಪಟಿ ಅಲ್ಲ. ತೆಳು ಬಟ್ಟೆಯ ಹಿಂದೆ ದೀಪ ಇಟ್ಟರೆ ನಿಮ್ಮ ನೆರಳು ತೊಗಲುಗೊಂಬೆ ಆಟದ ಹಾಗೆ ಪರದೆ ಮೇಲೆ ಆಡುತ್ತದೆ.

ಎಲ್ಲ ಹಾಕಿದ ಮೇಲೆ, ಕತ್ತಲಾದಾಗ, ಒಳಗಿನ ದೀಪಗಳನ್ನೆಲ್ಲ ಹಚ್ಚಿ ಹೊರಗೆ ಬನ್ನಿ. ಗಾಜಿಗೆ ಮುಖ ತಾಗಿಸಿ, ಬಗ್ಗಿ, ಓರೆಯಾಗಿ, ಎಲ್ಲ ಕಡೆಯಿಂದ ನೋಡಿ. ಬೆಳಕಿನ ಗೆರೆ ಎಲ್ಲಿ ಕಂಡರೂ ಅಲ್ಲಿಗೆ ಕಪ್ಪು ಬಟ್ಟೆ ಪಟ್ಟಿ ಅಂಟಿಸಿ. ಹಗಲಲ್ಲಿ ಪರೀಕ್ಷೆ ಮಾಡಿ 'ಏನೂ ಕಾಣಲ್ಲ' ಅನ್ನಬೇಡಿ.

ಇನ್ನು ನೀವು ಕೇಳದ ಒಂದು ವಿಷಯ. ಕಿಟಕಿ ಚೆನ್ನಾಗಿ ಮುಚ್ಚಿದರೆ ಬೆಳಿಗ್ಗೆ ಅದರ ಹಿಂದೆ ಗಾಜು ಒದ್ದೆಯಾಗಿರುತ್ತದೆ. ಶೀಟ್ ಸೋರಿ ಹಾಗಾಗಿದ್ದಲ್ಲ. ಒಳಗಿನ ಬೆಚ್ಚನೆ ಗಾಜಿಗೆ ತಲುಪದ ಕಾರಣ ಅದು ಮೊದಲಿಗಿಂತ ತಣ್ಣಗಾಗುತ್ತದೆ. ನಿಮ್ಮ ಉಸಿರಿನ ತೇವ ಸಂದಿಗಳಲ್ಲಿ ನುಸುಳಿ ಅಲ್ಲಿ ಹನಿಯಾಗುತ್ತದೆ. ಶೀಟಿಗೆ ಏನೂ ಆಗಲ್ಲ, ಆದರೆ ಅಂಟಿಸಿದ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ರಟ್ಟಿನಲ್ಲಿ ಮಾಡಿದ್ದರೆ ಮೆತ್ತಗಾಗಿ ಕುಸಿಯುತ್ತದೆ. ಅದಕ್ಕೇ ರಟ್ಟು ನಾಲ್ಕು ದಿನದ ಮಟ್ಟಿಗೆ ಮಾತ್ರ ಸರಿ. ಬೆಳಿಗ್ಗೆ ಗಾಜು ಒರೆಸಿ, ಮುಚ್ಚಳಗಳನ್ನು ಬಿಸಿಲಿಗೆ ಹಾಕಿ.

ರಾತ್ರಿ ಎದುರುಬದುರಿನ ಎರಡು ಗಾಜುಗಳನ್ನು ಬೆರಳಿನಷ್ಟು ಇಳಿಸಿಡಿ. ಮುಚ್ಚಳ ಹಾಕಿಯೇ ಇರುವುದರಿಂದ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಗಾಳಿಗೆ ದಾರಿಯಾಗಲಿ ಅಂತ ಮುಚ್ಚಳದ ಕೆಳ ಅಂಚನ್ನು ಮಾತ್ರ ಸ್ವಲ್ಪ ಸಡಿಲ ಬಿಡಿ. ಒಳಗೆ ಗ್ಯಾಸ್ ಒಲೆ ಹಚ್ಚುವವರಂತೂ ಇದನ್ನು ತಪ್ಪಿಸಲೇಬಾರದು. ಉರಿಯುವ ಗ್ಯಾಸ್ ತೇವ ಹೆಚ್ಚಿಸುತ್ತದೆ, ಗಾಳಿ ಸಾಲದಿದ್ದರೆ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಕೂಡ ಸೇರುತ್ತದೆ. ಕಿಟಕಿಯಲ್ಲಿ ಉಳಿಸಿದ ದುಡ್ಡಿನಲ್ಲಿ ಅದನ್ನು ಪತ್ತೆ ಹಚ್ಚುವ ಅಲಾರಂ ಒಂದನ್ನು ಮೊದಲು ಕೊಳ್ಳಿ.